ಬೆಳಗಬಾರದ ಕಡೆ ಬೆಳಗದಿರುವುದು: ಸೋಂಕು ಪತ್ತೆಯ ಟ್ರೇಸರ್‌ಗಳ ಪರೀಕ್ಷೆ ಕುರಿತು ಒಂದು ಸಂಶೋಧನಾ ಟಿಪ್ಪಣಿ

1. ಪ್ರಶ್ನೆ

ಕೃತಕ ಮಂಡಿ ಕೀಲು ಹಾಕಿಸಿಕೊಂಡವರೊಬ್ಬರಿಗೆ ಒಂದೆರಡು ವರ್ಷದ ಮೇಲೆ ಮತ್ತೆ ನೋವು, ಊತ ಶುರುವಾಯಿತು ಎಂದಿಟ್ಟುಕೊಳ್ಳೋಣ. ಕಾರಣ ಎರಡರಲ್ಲೊಂದು ಇರಬಹುದು: ಲೋಹದ ಭಾಗ ಮೂಳೆಯಿಂದ ಸಡಿಲಗೊಂಡಿದೆ, ಇಲ್ಲವೇ ಅದರ ಮೈಮೇಲೆ ಬ್ಯಾಕ್ಟೀರಿಯಾ ಪದರಗಟ್ಟಿ ಕೂತಿದೆ. ಬರೀ ಸಡಿಲವಾಗಿದ್ದರೆ ಸಾಮಾನ್ಯವಾಗಿ ಒಂದು ಶಸ್ತ್ರಚಿಕಿತ್ಸೆ ಸಾಕು. ಸೋಂಕಾಗಿದ್ದರೆ ಅನೇಕ ಸಲ ಕೀಲನ್ನು ಪೂರ್ತಿ ತೆಗೆದು, ವಾರಗಟ್ಟಲೆ ಆ್ಯಂಟಿಬಯಾಟಿಕ್ ಕೊಟ್ಟು, ಆಮೇಲೆ ಇನ್ನೊಂದು ಶಸ್ತ್ರಚಿಕಿತ್ಸೆಯಲ್ಲಿ ಹೊಸ ಕೀಲು ಕೂರಿಸಬೇಕಾಗುತ್ತದೆ. ಎಕ್ಸ್‌ರೇಯಲ್ಲಿ ಎರಡೂ ಒಂದೇ ಬಗೆಯಾಗಿ ಕಾಣಬಹುದು. ಸೂಜಿಯಿಂದ ತೆಗೆದ ದ್ರವದ ಕಲ್ಚರಿನಲ್ಲಿ, ಅದರಲ್ಲೂ ರೋಗಿ ಆಗಲೇ ಆ್ಯಂಟಿಬಯಾಟಿಕ್ ತೆಗೆದುಕೊಂಡಿದ್ದರೆ, ಏನೂ ಬೆಳೆಯದೆ ಹೋಗಬಹುದು.

ಇಂಥ ಕಡೆ ವೈದ್ಯರು ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದತ್ತ ತಿರುಗುತ್ತಾರೆ. ವಿಕಿರಣಶೀಲ ಪರಮಾಣು ಜೋಡಿಸಿದ ಒಂದು ಅಣುವನ್ನು, ಅಂದರೆ ಟ್ರೇಸರನ್ನು, ರಕ್ತನಾಳಕ್ಕೆ ಕೊಟ್ಟು ಅದು ದೇಹದಲ್ಲಿ ಎಲ್ಲಿ ಸೇರುತ್ತದೆ ಎಂದು ಗಾಮಾ ಕ್ಯಾಮೆರಾ ಅಥವಾ ಪೆಟ್ ಸ್ಕ್ಯಾನರಿನಲ್ಲಿ ನೋಡುತ್ತಾರೆ. ಸೋಂಕನ್ನು ಹುಡುಕುವ ಹೊಸ ಟ್ರೇಸರ್‌ಗಳು ಐದು ದಶಕಗಳಿಂದ ಬರುತ್ತಲೇ ಇವೆ. ಪ್ರಾಣಿಗಳ ಮೇಲಿನ ಮೊದಲ ವರದಿಯಲ್ಲಿ ಬಹುತೇಕ ಎಲ್ಲವೂ ಗೆದ್ದಿವೆ. ಆಸ್ಪತ್ರೆಯ ದಿನನಿತ್ಯದ ಬಳಕೆಗೆ ಬಂದವು ಬೆರಳೆಣಿಕೆಯಷ್ಟು. ಈ ಅಂತರಕ್ಕೆ ಮುಖ್ಯ ಕಾರಣ ಟ್ರೇಸರ್‌ಗಳ ದೌರ್ಬಲ್ಯಕ್ಕಿಂತ ಹೆಚ್ಚಾಗಿ ಅವನ್ನು ಪರೀಕ್ಷಿಸಿದ ಬಗೆಯಲ್ಲಿದೆ ಎಂಬುದು ಈ ಟಿಪ್ಪಣಿಯ ವಾದ. ಸೋಂಕಿರುವ ಜಾಗ ಬೆಳಗಿತೇ ಎಂಬ ಪ್ರಶ್ನೆಗೆ ಉತ್ತರ ಸುಲಭವಾಗಿ ಸಿಗುತ್ತದೆ. ಉರಿಯೂತವಿದ್ದೂ ಸೋಂಕಿಲ್ಲದ ಜಾಗ ಬೆಳಗದೆ ಉಳಿಯಿತೇ ಎಂಬುದು ಕಷ್ಟದ ಪ್ರಶ್ನೆ. ಟ್ರೇಸರಿನ ಯೋಗ್ಯತೆ ನಿರ್ಧಾರವಾಗುವುದು ಈ ಎರಡನೆಯದರಲ್ಲಿ.

2. ಮೊದಲ ತಲೆಮಾರು: ದೇಹದ ಪ್ರತಿಕ್ರಿಯೆಯ ಚಿತ್ರ

ಆರಂಭದ ಟ್ರೇಸರ್‌ಗಳು ಬ್ಯಾಕ್ಟೀರಿಯಾವನ್ನು ಹುಡುಕುತ್ತಿರಲಿಲ್ಲ. ಬ್ಯಾಕ್ಟೀರಿಯಾದ ವಿರುದ್ಧ ದೇಹ ಏಳುವುದನ್ನು ಹುಡುಕುತ್ತಿದ್ದವು. ಗ್ಯಾಲಿಯಂ-67 ಸಿಟ್ರೇಟ್ 1969ರಲ್ಲಿ ಹಾಜ್ಕಿನ್ ಕಾಯಿಲೆಯ ಗಡ್ಡೆಗಳಲ್ಲಿ ಸೇರುವುದನ್ನು ಎಡ್ವರ್ಡ್ಸ್ ಮತ್ತು ಹೇಯ್ಸ್ ಗಮನಿಸಿದರು. ಎರಡೇ ವರ್ಷದಲ್ಲಿ, 1971ರಲ್ಲಿ, ಬ್ರಿಟನ್ನಿನ ಲ್ಯಾವೆಂಡರ್ ಮತ್ತು ಸಂಗಡಿಗರು ಅದು ಉರಿಯೂತದ ಜಾಗದಲ್ಲೂ ಸೇರುತ್ತದೆ ಎಂದು ವರದಿ ಮಾಡಿದರು. ಗಡ್ಡೆಗೂ ಕೀವಿಗೂ ಒಂದೇ ಗುರುತು ಹಾಕುವ ತೊಂದರೆ ಹೀಗೆ ಈ ಕ್ಷೇತ್ರದ ಹುಟ್ಟಿನಲ್ಲೇ ಇದೆ. ಗ್ಯಾಲಿಯಂ-67ರ ಅರ್ಧಾಯು ಸುಮಾರು 78 ಗಂಟೆ; ಸ್ಪಷ್ಟ ಚಿತ್ರಕ್ಕಾಗಿ ಎರಡು ಮೂರು ದಿನ ಕಾಯಬೇಕಿತ್ತು.

ಮುಂದಿನ ಹೆಜ್ಜೆ ರೋಗಿಯ ಬಿಳಿ ರಕ್ತಕಣಗಳನ್ನೇ ಟ್ರೇಸರ್ ಮಾಡುವುದು. ರಕ್ತ ತೆಗೆದು, ಬಿಳಿ ಕಣಗಳನ್ನು ಬೇರ್ಪಡಿಸಿ, ಇಂಡಿಯಂ-111 ಸೇರಿಸಿ, ಅದೇ ರೋಗಿಗೆ ಹಿಂದಿರುಗಿಸುವ ಈ ವಿಧಾನ 1976-77ರಲ್ಲಿ ರೂಪುಗೊಂಡಿತು. ಮ್ಯಾಥ್ಯೂ ಠಾಕೂರ್ ಅವರ ಹೆಸರು ಇದರೊಂದಿಗೆ ಗಟ್ಟಿಯಾಗಿ ಬೆಸೆದುಕೊಂಡಿದೆ. 1986ರಲ್ಲಿ ಟೆಕ್ನೀಶಿಯಂ-99ಎಂ ಬಳಸಿ ಬಿಳಿ ಕಣಗಳನ್ನು ಗುರುತು ಮಾಡುವ ಕ್ರಮ ಬಂದ ಮೇಲೆ ಚಿತ್ರ ಅದೇ ದಿನ ಸಿಗುವಂತಾಯಿತು. ಇಂದಿಗೂ ಅನೇಕ ಮೂಳೆ ಸೋಂಕುಗಳಲ್ಲಿ ಹೊಸ ಟ್ರೇಸರ್‌ಗಳನ್ನು ಹೋಲಿಸಿ ನೋಡುವುದು ಈ ಬಿಳಿ ಕಣಗಳ ಸ್ಕ್ಯಾನಿನೊಂದಿಗೇ. ಆದರೆ ಅದಕ್ಕೆ ನುರಿತ ಕೈ, ಶುದ್ಧ ಕೊಠಡಿ, ಕೆಲವು ಗಂಟೆಗಳ ಕೆಲಸ ಬೇಕು. ಒಬ್ಬರ ರಕ್ತ ಇನ್ನೊಬ್ಬರಿಗೆ ಹೋಗದಂತೆ ಎಚ್ಚರ ಬೇಕು. ರೋಗಿಯ ಬಿಳಿ ಕಣಗಳ ಸಂಖ್ಯೆಯೇ ಕುಸಿದಿದ್ದರೆ ಈ ದಾರಿ ಮುಚ್ಚಿದಂತೆ.

ಪೆಟ್ ಸ್ಕ್ಯಾನಿನಲ್ಲಿ ಬಳಸುವ ಎಫ್‌ಡಿಜಿ ಗ್ಲೂಕೋಸಿನ ರೂಪಾಂತರ. ಸಕ್ಕರೆಯನ್ನು ಹೆಚ್ಚು ಸುಡುವ ಕೋಶ ಎಲ್ಲಿದ್ದರೂ ಅದು ಸೇರುತ್ತದೆ. ಕ್ಯಾನ್ಸರ್ ಕೋಶ, ಕೆರಳಿದ ಬಿಳಿ ಕಣ, ಶಸ್ತ್ರಚಿಕಿತ್ಸೆಯ ನಂತರ ಮಾಯುತ್ತಿರುವ ಗಾಯ ಎಲ್ಲವೂ ಅದಕ್ಕೆ ಸಮಾನ. ಅದರ ಉಪಯೋಗವೇನೂ ಸಣ್ಣದಲ್ಲ: ಕೃತಕ ಹೃದಯ ಕವಾಟದ ಸೋಂಕಿನ ಶಂಕೆಯಿದ್ದಾಗ ಎಫ್‌ಡಿಜಿ ಪೆಟ್ ಫಲಿತಾಂಶವನ್ನು ಯುರೋಪಿನ ಹೃದ್ರೋಗ ಸಂಘದ 2015ರ ಮಾರ್ಗಸೂಚಿ ಪರಿಗಣನೆಗೆ ತೆಗೆದುಕೊಂಡಿತು. ಆದರೆ ಅಲ್ಲಿ ಬ್ಯಾಕ್ಟೀರಿಯಾ ಇದೆಯೇ ಎಂದು ಕೇಳಿದರೆ ಎಫ್‌ಡಿಜಿ ಕೊಡುವ ಉತ್ತರ, ಅಲ್ಲಿ ಏನೋ ನಡೆಯುತ್ತಿದೆ ಎನ್ನುವಷ್ಟೇ.

3. ಇನ್ಫೆಕ್ಟಾನ್: ಏರಿಕೆ ಮತ್ತು ಇಳಿಕೆ

ಬ್ಯಾಕ್ಟೀರಿಯಾವನ್ನೇ ನೇರವಾಗಿ ಹಿಡಿಯಬೇಕೆಂಬ ಹಂಬಲಕ್ಕೆ 1990ರ ದಶಕದಲ್ಲಿ ಸಿಕ್ಕ ಮೊದಲ ದೊಡ್ಡ ಉತ್ತರ ಇನ್ಫೆಕ್ಟಾನ್. ಲಂಡನ್ನಿನ ಸೇಂಟ್ ಬಾರ್ಥೊಲೊಮ್ಯೂ ಆಸ್ಪತ್ರೆಯಲ್ಲಿ ಸೋಲಂಕಿ, ಕೀತ್ ಬ್ರಿಟನ್ ಮತ್ತು ಸಂಗಡಿಗರು ಸಿಪ್ರೊಫ್ಲಾಕ್ಸಸಿನ್‌ಗೆ ಟೆಕ್ನೀಶಿಯಂ-99ಎಂ ಜೋಡಿಸಿದರು. ತರ್ಕ ಆಕರ್ಷಕವಾಗಿತ್ತು. ಈ ಆ್ಯಂಟಿಬಯಾಟಿಕ್ ಬ್ಯಾಕ್ಟೀರಿಯಾದ ಡಿಎನ್‌ಎ ಗೈರೇಸ್ ಎಂಬ ಕಿಣ್ವವನ್ನು ಹಿಡಿದುಕೊಳ್ಳುತ್ತದೆ. ಬದುಕಿರುವ ಬ್ಯಾಕ್ಟೀರಿಯಾ ಇದ್ದಲ್ಲಿ ಟ್ರೇಸರ್ ನಿಲ್ಲಬೇಕು, ಇಲ್ಲದಲ್ಲಿ ಹರಿದುಹೋಗಬೇಕು.

1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಬಿಳಿ ಕಣಗಳ ಸ್ಕ್ಯಾನಿನೊಂದಿಗೆ ಹೋಲಿಸಿತು. ಸೋಂಕಿರುವವರನ್ನು ಹಿಡಿಯುವ ಪ್ರಮಾಣ, ಅಂದರೆ ಸೂಕ್ಷ್ಮತೆ, ಇನ್ಫೆಕ್ಟಾನ್‌ಗೆ ಶೇ. 84, ಬಿಳಿ ಕಣಗಳ ಸ್ಕ್ಯಾನಿಗೆ ಶೇ. 81. ಸೋಂಕಿಲ್ಲದವರನ್ನು ಸರಿಯಾಗಿ ಬಿಟ್ಟುಬಿಡುವ ಪ್ರಮಾಣ, ಅಂದರೆ ನಿರ್ದಿಷ್ಟತೆ, ಶೇ. 96 ಮತ್ತು ಶೇ. 77. ಗೆಲುವು ಕಂಡದ್ದು ಎರಡನೆಯದರಲ್ಲಿ. ಮುಂದೆ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಸಹಯೋಗದಲ್ಲಿ ಎಂಟು ದೇಶಗಳ 879 ರೋಗಿಗಳ ಅಧ್ಯಯನ ನಡೆದು 2002ರಲ್ಲಿ ವರದಿಯಾಯಿತು. ಅಲ್ಲಿ ಸೂಕ್ಷ್ಮತೆ ಸುಮಾರು ಶೇ. 85, ನಿರ್ದಿಷ್ಟತೆ ಸುಮಾರು ಶೇ. 82. ಟೆಕ್ನೀಶಿಯಂ ಜನರೇಟರು, ಅಂದರೆ ಆಸ್ಪತ್ರೆಯಲ್ಲೇ ಟೆಕ್ನೀಶಿಯಂ ಒದಗಿಸುವ ಸಣ್ಣ ಉಪಕರಣ, ಇರುವ ಯಾವುದೇ ಕಡೆ ತಯಾರಿಸಬಹುದಾದ, ರೋಗಿಯ ರಕ್ತ ತೆಗೆಯುವ ಗೋಜಿಲ್ಲದ ಟ್ರೇಸರ್ ಎಂಬುದರಿಂದ ಅದು ನಮ್ಮಂಥ ದೇಶಗಳಲ್ಲಿ ಹೆಚ್ಚಿನ ಆಸೆ ಮೂಡಿಸಿತು. ದೆಹಲಿಯ ಇನ್ಮಾಸ್ ಸಂಸ್ಥೆಯೂ ಸಿಪ್ರೊಫ್ಲಾಕ್ಸಸಿನ್ ಕಿಟ್ ಒಂದನ್ನು ರೂಪಿಸಿತು.

ಅದೇ ಹೊತ್ತಿಗೆ ಇನ್ನೊಂದು ಬಗೆಯ ಫಲಿತಾಂಶಗಳು ಬರತೊಡಗಿದವು. ಫ್ರಾನ್ಸಿನ ಸಾರ್ಡಾ ಮತ್ತು ಸಂಗಡಿಗರು ಮೊಲಗಳ ಮಂಡಿಗೆ ಕೃತಕ ಭಾಗ ಕೂರಿಸಿ, ಕೆಲವಕ್ಕೆ ಸ್ಟ್ಯಾಫಿಲೊಕಾಕಸ್ ಔರಿಯಸ್ ಸೋಂಕು ಮಾಡಿ, ಕೆಲವನ್ನು ಸೋಂಕಿಲ್ಲದೆ ಬಿಟ್ಟು ಹೋಲಿಸಿದರು. ಸೋಂಕಿಲ್ಲದ ಕೃತಕ ಕೀಲಿನ ಸುತ್ತಲೂ ಟ್ರೇಸರ್ ಸೇರಿತ್ತು. 2003ರಲ್ಲಿ ಅದೇ ಗುಂಪು ರೋಗಿಗಳಲ್ಲಿ ನೋಡಿದಾಗ ಸೋಂಕಿನ ಮೂಳೆ-ಕೀಲು ರೋಗವನ್ನೂ ಸೋಂಕಿಲ್ಲದ್ದನ್ನೂ ಈ ಸ್ಕ್ಯಾನು ಬೇರ್ಪಡಿಸಲಾರದು ಎಂದು ತೀರ್ಮಾನಿಸಬೇಕಾಯಿತು. 2005ರಲ್ಲಿ ವಿಯೆನ್ನಾದ ಲ್ಯಾಂಗರ್ ಮತ್ತು ಸಂಗಡಿಗರು ಇನ್ನೂ ನಿಖರವಾದ ಪರೀಕ್ಷೆ ಮಾಡಿದರು. ಟೆಕ್ನೀಶಿಯಂ ಜೋಡಿಸಿದಾಗ ಸಿಪ್ರೊಫ್ಲಾಕ್ಸಸಿನ್ ಅಣುವಿನ ಸ್ವರೂಪವೇ ಬದಲಾಗುವ ಶಂಕೆಯಿತ್ತು; ಅಣುವಿನಲ್ಲಿ ಆಗಲೇ ಇರುವ ಫ್ಲೋರಿನ್ ಪರಮಾಣುವಿನ ಜಾಗಕ್ಕೆ ಫ್ಲೋರಿನ್-18 ಇಟ್ಟರೆ ಔಷಧ ಔಷಧವಾಗಿಯೇ ಉಳಿಯುತ್ತದೆ. ಹಾಗೆ ಮಾಡಿ ನೋಡಿದರೂ ರೋಗಿಗಳ ಸೋಂಕಿನ ಜಾಗದಿಂದ ಟ್ರೇಸರ್ ತೊಳೆದುಹೋದ ವೇಗ ಸೋಂಕಿಲ್ಲದ ಸ್ನಾಯುವಿನಷ್ಟೇ ಇತ್ತು. ಬ್ಯಾಕ್ಟೀರಿಯಾ ಅದನ್ನು ಹಿಡಿದಿಟ್ಟುಕೊಂಡಿರಲಿಲ್ಲ.

ಹಾಗಾದರೆ ಮೊದಲು ಬೆಳಗಿದ್ದೇನು? ಉರಿಯೂತವಾದಲ್ಲಿ ಸಣ್ಣ ರಕ್ತನಾಳಗಳ ಗೋಡೆ ಸಡಿಲವಾಗುತ್ತದೆ, ರಕ್ತದ ಹರಿವು ಹೆಚ್ಚುತ್ತದೆ. ಬದು ಒಡೆದ ಗದ್ದೆಗೆ ನೀರು ನುಗ್ಗುವ ಹಾಗೆ ರಕ್ತದಲ್ಲಿರುವ ಯಾವ ಅಣುವಾದರೂ ಅಲ್ಲಿಗೆ ನುಗ್ಗುತ್ತದೆ. ಹೀಗೆ ಬಂದು ಸೇರಿದ್ದನ್ನು ಒಂದೇ ಚಿತ್ರದಲ್ಲಿ ನೋಡಿದರೆ, ಬ್ಯಾಕ್ಟೀರಿಯಾಕ್ಕೆ ಅಂಟಿಕೊಂಡದ್ದಕ್ಕೂ ಅದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ವ್ಯತ್ಯಾಸ ಹೊರಬರುವುದು ಸೋಂಕಿಲ್ಲದ ಉರಿಯೂತವನ್ನು ಪಕ್ಕದಲ್ಲಿಟ್ಟು, ಹೊತ್ತು ಕಳೆದಂತೆ ಮತ್ತೆ ಮತ್ತೆ ಅಳೆದಾಗ.

4. ಒಂದು ಲೆಕ್ಕ

ಇನ್ಫೆಕ್ಟಾನ್ ಸೋಲು ಮುಂಚೆಯೇ ಊಹಿಸಬಹುದಾಗಿದ್ದದ್ದೇ? ಕಾಗದದ ಮೇಲೆ ಮಾಡಬಹುದಾದ ಒಂದು ಲೆಕ್ಕ ಹೌದು ಎನ್ನುತ್ತದೆ.

ಒಂದು ಗ್ರಾಂ ಅಂಗಾಂಶದ ಗಾತ್ರ ಸುಮಾರು ಒಂದು ಘನ ಸೆಂಟಿಮೀಟರ್, ಅಂದರೆ ಒಂದು ಲಕ್ಷ ಕೋಟಿ ಘನ ಮೈಕ್ರೊಮೀಟರ್. ಒಂದು ಬ್ಯಾಕ್ಟೀರಿಯಾದ ಗಾತ್ರ ಸುಮಾರು ಒಂದು ಘನ ಮೈಕ್ರೊಮೀಟರ್. ಇಲಿಯ ತೊಡೆಗೆ ಬ್ಯಾಕ್ಟೀರಿಯಾ ಚುಚ್ಚಿ ಮಾಡುವ ಪ್ರಯೋಗಗಳಲ್ಲಿರುವಂತೆ ಗ್ರಾಂ ಒಂದಕ್ಕೆ 10 ಕೋಟಿ ಬ್ಯಾಕ್ಟೀರಿಯಾ ಇವೆ ಎಂದಿಟ್ಟುಕೊಂಡರೂ ಅವು ತುಂಬುವ ಜಾಗ ಆ ಅಂಗಾಂಶದ ಹತ್ತು ಸಾವಿರದಲ್ಲಿ ಒಂದು ಪಾಲು. ಬ್ಯಾಕ್ಟೀರಿಯಾ ಇರುವ ಅಂಗಾಂಶ ಇಲ್ಲದ ಅಂಗಾಂಶಕ್ಕಿಂತ ಎರಡು ಪಟ್ಟು ಬೆಳಗಬೇಕಾದರೆ, ಬ್ಯಾಕ್ಟೀರಿಯಾದೊಳಗಿನ ಟ್ರೇಸರ್ ಸಾಂದ್ರತೆ ಸುತ್ತಲಿನದಕ್ಕಿಂತ ಹತ್ತು ಸಾವಿರ ಪಟ್ಟು ಇರಬೇಕು. ಗ್ರಾಂ ಒಂದಕ್ಕೆ 10 ಲಕ್ಷ ಬ್ಯಾಕ್ಟೀರಿಯಾ ಮಾತ್ರ ಇದ್ದರೆ ಬೇಕಾದದ್ದು ಹತ್ತು ಲಕ್ಷ ಪಟ್ಟು.

ಈಗ ಸಿಪ್ರೊಫ್ಲಾಕ್ಸಸಿನ್ ಕಡೆ ನೋಡೋಣ. ಇನ್ಫೆಕ್ಟಾನ್ ಕಿಟ್ಟಿನಲ್ಲಿ ಸುಮಾರು 2 ಮಿಲಿಗ್ರಾಂ ಔಷಧವಿರುತ್ತಿತ್ತು. ಅದು ದೇಹದ ಸುಮಾರು 40 ಲೀಟರ್ ನೀರಿನಲ್ಲಿ ಹರಡಿದರೆ ಸಾಂದ್ರತೆ 150 ನ್ಯಾನೊಮೋಲಾರ್ ಆಸುಪಾಸು. ಒಂದು ಬ್ಯಾಕ್ಟೀರಿಯಾದಲ್ಲಿ ಔಷಧ ಹಿಡಿಯುವ ಜಾಗಗಳು 1,000 ಇವೆ ಎಂದು ಭಾವಿಸಿ, ಒಂದೂ ಖಾಲಿ ಉಳಿಯದೆ ತುಂಬಿದವು ಎಂದುಕೊಂಡರೂ ಒಳಗಿನ ಸಾಂದ್ರತೆ ಸುಮಾರು 1,700 ನ್ಯಾನೊಮೋಲಾರ್. ಅಂದರೆ ಹೊರಗಿನದರ ಹನ್ನೊಂದು ಪಟ್ಟು. ಬೇಕಿದ್ದದ್ದು ಹತ್ತು ಸಾವಿರ ಪಟ್ಟು. ಗುರುತಿಲ್ಲದ ಔಷಧವೂ ಗುರುತಿರುವುದೂ ಒಂದೇ ರೀತಿ ವರ್ತಿಸುತ್ತವೆ ಎಂದು ಹಿಡಿದು ಮಾಡಿದ ಒರಟು ಲೆಕ್ಕ ಇದು. ಜಾಗಗಳ ಸಂಖ್ಯೆಯನ್ನು ಹತ್ತು ಪಟ್ಟು ಏರಿಸಿದರೂ ತೀರ್ಮಾನ ಬದಲಾಗುವುದಿಲ್ಲ.

ಇದರಿಂದ ಒಂದು ಸಾಮಾನ್ಯ ಪಾಠ ಹೊರಡುತ್ತದೆ. ಒಂದು ಜಾಗಕ್ಕೆ ಒಂದು ಅಣು ಎಂಬ ಹಾಗೆ ಅಂಟಿಕೊಳ್ಳುವ ಟ್ರೇಸರಿಗೆ ಬ್ಯಾಕ್ಟೀರಿಯಾ ತೀರಾ ಸಣ್ಣ ಗುರಿ. ಒಂದೇ ಸಾಗಣೆ ಪ್ರೋಟೀನು, ಒಂದೇ ಕಿಣ್ವ ಮತ್ತೆ ಮತ್ತೆ ಕೆಲಸ ಮಾಡಿ ಸಾವಿರಾರು ಅಣುಗಳನ್ನು ಒಳಗೆಳೆದು ಕೂಡಿಹಾಕುವಂತಿದ್ದರೆ ಮಾತ್ರ ಲೆಕ್ಕ ಕೂಡಿಬರುತ್ತದೆ.

ಲೈಡನ್ನಿನ ವಿಜ್ಞಾನಿಗಳು 2000ದ ಹೊತ್ತಿಗೆ ಮುಂದಿಟ್ಟ ಯುಬಿಕ್ವಿಸಿಡಿನ್ ತುಣುಕನ್ನೂ ಈ ಬೆಳಕಿನಲ್ಲಿ ನೋಡಬೇಕು. ಹದಿಮೂರು ಅಮೈನೋ ಆಮ್ಲಗಳ ಈ ಪೆಪ್ಟೈಡಿನಲ್ಲಿ ಆರು ಧನಾವೇಶದವು. ಋಣಾವೇಶದ ಬ್ಯಾಕ್ಟೀರಿಯಾ ಪೊರೆಗೆ ಅದು ಅಂಟುತ್ತದೆ. ಪೊರೆಯ ಮೇಲೆ ಜಾಗ ಹೇರಳ, ಆದ್ದರಿಂದ ಲೆಕ್ಕ ಇಲ್ಲಿ ಅಷ್ಟು ಕಠಿಣವಲ್ಲ. ಟೆಕ್ನೀಶಿಯಂ ಮತ್ತು ಗ್ಯಾಲಿಯಂ-68 ಜೋಡಿಸಿದ ಅದರ ರೂಪಗಳ ಮೇಲೆ ಭಾರತವೂ ಸೇರಿ ಅನೇಕ ದೇಶಗಳಲ್ಲಿ ಕೆಲಸ ನಡೆದಿದೆ. ಆದರೆ ಇಲ್ಲಿ ಕೇಳಲೇಬೇಕಾದ ಪ್ರಶ್ನೆ ಬೇರೆ: ಅದೇ ಹದಿಮೂರು ಅಮೈನೋ ಆಮ್ಲಗಳನ್ನು ಕ್ರಮ ಕಲಕಿ ಜೋಡಿಸಿದ ಪೆಪ್ಟೈಡು ಎಷ್ಟು ಅಂಟುತ್ತದೆ? ಆವೇಶ ಅಷ್ಟೇ ಇರುತ್ತದೆ, ಕ್ರಮ ಮಾತ್ರ ಬೇರೆ. ಕಲಕಿದ ಪೆಪ್ಟೈಡೂ ಸಮನಾಗಿ ಬೆಳಗಿದರೆ ನಾವು ನೋಡುತ್ತಿರುವುದು ಬರೀ ವಿದ್ಯುದಾವೇಶದ ಸೆಳೆತ; ಸತ್ತ ಕೋಶಗಳ ಡಿಎನ್‌ಎ ಕೂಡ ಋಣಾವೇಶದ್ದೇ ಎಂಬುದನ್ನು ಮರೆಯಬಾರದು.

5. ಸಾರ್ಬಿಟಾಲ್: ನಿಯಂತ್ರಣವನ್ನು ಮೊದಲಿಟ್ಟ ಪ್ರಯೋಗ

ಮೇಲಿನ ಪಾಠಕ್ಕೆ ಅನುಗುಣವಾಗಿ ಕಟ್ಟಿದ ಟ್ರೇಸರ್ ಎಂದರೆ ಫ್ಲೋರೊಡಿಆಕ್ಸಿಸಾರ್ಬಿಟಾಲ್, ಚಿಕ್ಕದಾಗಿ ಎಫ್‌ಡಿಎಸ್. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸಂಜಯ್ ಜೈನ್ ಅವರ ಗುಂಪು ಇದನ್ನು 2014ರಲ್ಲಿ ಪ್ರಕಟಿಸಿತು. ಇ. ಕೋಲೈ, ಕ್ಲೆಬ್ಸಿಯೆಲ್ಲಾ ಮೊದಲಾದ ಎಂಟರೊಬ್ಯಾಕ್ಟರಾಲಿಸ್ ಬಳಗದ ಬ್ಯಾಕ್ಟೀರಿಯಾಗಳು ಸಾರ್ಬಿಟಾಲ್ ಎಂಬ ಸಕ್ಕರೆ ಆಲ್ಕೊಹಾಲನ್ನು ಒಳಗೆಳೆದು, ಫಾಸ್ಫೇಟ್ ಸೇರಿಸಿ, ಹೊರಬಾರದಂತೆ ಮಾಡಿಕೊಳ್ಳುತ್ತವೆ. ನಮ್ಮ ಕೋಶಗಳು ಹಾಗೆ ಮಾಡುವುದಿಲ್ಲ. ಒಂದೇ ಸಾಗಣೆ ವ್ಯವಸ್ಥೆ ಬಿಡದೆ ದುಡಿಯುವುದರಿಂದ ಗುರಿಯ ಚಿಕ್ಕತನ ಇಲ್ಲಿ ಅಷ್ಟಾಗಿ ತಡೆಯುವುದಿಲ್ಲ. ಜೊತೆಗೆ ಎಫ್‌ಡಿಎಸ್ ತಯಾರಿಸಲು ಹೊಸ ಕಾರ್ಖಾನೆ ಬೇಡ. ದಿನವೂ ತಯಾರಾಗುವ ಎಫ್‌ಡಿಜಿಗೆ ಸೋಡಿಯಂ ಬೊರೊಹೈಡ್ರೈಡ್ ಸೇರಿಸಿ ಅದನ್ನು ಪಡೆಯಬಹುದು.

ಪ್ರಯೋಗದ ವಿನ್ಯಾಸ ಗಮನಿಸಬೇಕಾದದ್ದು. ಇಲಿಯ ಒಂದು ತೊಡೆಗೆ ಜೀವಂತ ಇ. ಕೋಲೈ. ಇನ್ನೊಂದು ತೊಡೆಗೆ ಬಿಸಿಮಾಡಿ ಕೊಂದ ಇ. ಕೋಲೈ, ಅದೂ ಹತ್ತು ಪಟ್ಟು ಹೆಚ್ಚು. ಸತ್ತ ಬ್ಯಾಕ್ಟೀರಿಯಾ ಉರಿಯೂತವನ್ನು ತರುತ್ತದೆ, ಸೋಂಕನ್ನು ತರುವುದಿಲ್ಲ. ಹೋಲಿಕೆಗೆಂದು ಇಟ್ಟ ಈ ತೊಡೆಯೇ ಪ್ರಯೋಗದ ನಿಯಂತ್ರಣ. ಎಫ್‌ಡಿಜಿ ಕೊಟ್ಟಾಗ ಎರಡೂ ತೊಡೆ ಬೆಳಗಿದವು. ಎಫ್‌ಡಿಎಸ್ ಕೊಟ್ಟಾಗ ಜೀವಂತ ಬ್ಯಾಕ್ಟೀರಿಯಾ ಇದ್ದ ತೊಡೆ ಮಾತ್ರ. ಒಂದೇ ಪ್ರಾಣಿಯಲ್ಲಿ ಸೋಂಕು, ನಿಯಂತ್ರಣ ಎರಡನ್ನೂ ಇಟ್ಟ ಈ ಕ್ರಮದಲ್ಲಿ ಪ್ರಾಣಿಯಿಂದ ಪ್ರಾಣಿಗೆ ಬರುವ ವ್ಯತ್ಯಾಸಕ್ಕೆ ಎಡೆಯಿಲ್ಲ.

2021ರಲ್ಲಿ ಅದೇ ಗುಂಪು 26 ರೋಗಿಗಳ ಮೇಲಿನ ಅಧ್ಯಯನ ಪ್ರಕಟಿಸಿತು. ಎಂಟರೊಬ್ಯಾಕ್ಟರಾಲಿಸ್ ಸೋಂಕು ಪ್ರಯೋಗಾಲಯದಲ್ಲಿ ಖಚಿತವಾದವರ ಜೊತೆಗೆ ಬೇರೆ ಕಾಯಿಲೆಯವರನ್ನೂ, ಅಂದರೆ ಕ್ಯಾನ್ಸರ್ ಇಲ್ಲವೇ ಸೋಂಕಿಲ್ಲದ ಉರಿಯೂತ ಇರುವವರನ್ನೂ, ಸೇರಿಸಿಕೊಂಡಿದ್ದರು. ಸೋಂಕು ಬೆಳಗಿತು, ಉಳಿದವು ಬೆಳಗಲಿಲ್ಲ. 13 ರೋಗಿಗಳಲ್ಲಿ ಮತ್ತೆ ಸ್ಕ್ಯಾನ್ ಮಾಡಿ ಆ್ಯಂಟಿಬಯಾಟಿಕ್ ಕೆಲಸ ಮಾಡುತ್ತಿದೆಯೇ ಎಂದು ನೋಡಿದರು. ಔಷಧ ನಿರೋಧಕ ಬ್ಯಾಕ್ಟೀರಿಯಾ ಹಬ್ಬುತ್ತಿರುವ ಈ ಕಾಲದಲ್ಲಿ ಮೊದಲ ಸ್ಕ್ಯಾನಿಗಿಂತ ಈ ಎರಡನೇ ಸ್ಕ್ಯಾನೇ ಹೆಚ್ಚು ಉಪಕಾರಿಯಾಗಬಹುದು.

ಮಿತಿಗಳೂ ಸ್ಪಷ್ಟವಾಗಿವೆ. ಸ್ಟ್ಯಾಫಿಲೊಕಾಕಸ್ ಔರಿಯಸ್, ಸ್ಯೂಡೊಮೊನಾಸ್ ಈ ಟ್ರೇಸರನ್ನು ಸೇರಿಸಿಕೊಳ್ಳುವುದಿಲ್ಲ. ಕೃತಕ ಕೀಲುಗಳ ಸೋಂಕಿಗೆ ಮುಖ್ಯ ಕಾರಣ ಸ್ಟ್ಯಾಫಿಲೊಕಾಕಸ್ ಆದ್ದರಿಂದ ನಾವು ಆರಂಭದಲ್ಲಿಟ್ಟ ರೋಗಿಗೆ ಎಫ್‌ಡಿಎಸ್ ಪೂರ್ಣ ಉತ್ತರವಲ್ಲ. ಅದು ಮೂತ್ರದ ಮೂಲಕ ಹೊರಹೋಗುವುದರಿಂದ, ಇ. ಕೋಲೈ ಅತಿ ಹೆಚ್ಚು ಕಾಡುವ ಮೂತ್ರನಾಳದಲ್ಲೇ ಚಿತ್ರ ಓದುವುದು ಕಷ್ಟ. ಆದರೂ ಈ ಟ್ರೇಸರ್ ಬೆಳಗದಿದ್ದರೆ ಯಾವ ಬಳಗ ಇಲ್ಲ ಎಂದು ಹೇಳಬಹುದು, ಯಾವುದನ್ನು ಹೇಳಲಾಗದು ಎಂಬ ಗಡಿಯನ್ನು ಸ್ಪಷ್ಟವಾಗಿ ಗೆರೆ ಎಳೆದು ತೋರಿಸಬಹುದು. ಅದು ಸಣ್ಣ ಗುಣವಲ್ಲ.

6. ಇಲಿಗೂ ಮನುಷ್ಯನಿಗೂ ನಡುವೆ

ನಿಯಂತ್ರಣ ಸರಿಯಿದ್ದರೂ ಪ್ರಾಣಿಯೇ ದಾರಿ ತಪ್ಪಿಸಬಹುದು. ಇದಕ್ಕೆ ಎಫ್‌ಐಎಯು ಎಂಬ ಅಣುವಿನ ಚರಿತ್ರೆ ಕಣ್ಣೆದುರಿನ ಸಾಕ್ಷಿ. ಫಯಾಲ್ಯೂರಿಡಿನ್ ಎಂಬ ಹೆಸರಿನಲ್ಲಿ ಅದು ಹೆಪಟೈಟಿಸ್-ಬಿ ಔಷಧವಾಗಿ ಪರೀಕ್ಷೆಯಲ್ಲಿತ್ತು. 1993ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ 15 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಯಕೃತ್ತು ಹಾಳಾಗಿ ಐವರು ತೀರಿಕೊಂಡರು, ಇಬ್ಬರು ಯಕೃತ್ತಿನ ಕಸಿಯಿಂದ ಉಳಿದರು. ಅಣು ಮೈಟೊಕಾಂಡ್ರಿಯಾದ ಡಿಎನ್‌ಎಗೆ ಸೇರಿಕೊಂಡದ್ದು ಕಾರಣ. ಮೊದಲೇ ನಡೆದ ಪ್ರಾಣಿ ಪರೀಕ್ಷೆಗಳು ಎಚ್ಚರಿಸಿರಲಿಲ್ಲ. ಆಮೇಲೆ ತಿಳಿದದ್ದು: ಮನುಷ್ಯರ ಮೈಟೊಕಾಂಡ್ರಿಯಾದ ಪೊರೆಯಲ್ಲಿ ಈ ಅಣುವನ್ನು ಒಳಬಿಡುವ ಒಂದು ಸಾಗಣೆ ಪ್ರೋಟೀನು ಇರುತ್ತದೆ, ಇಲಿಯಲ್ಲಿ ಆ ಪ್ರೋಟೀನು ಮೈಟೊಕಾಂಡ್ರಿಯಾಕ್ಕೆ ಹೋಗುವುದಿಲ್ಲ.

ಟ್ರೇಸರಾಗಿ ಇದೇ ಅಣು ಆಕರ್ಷಕವಾಗಿತ್ತು. ಬ್ಯಾಕ್ಟೀರಿಯಾದ ಥೈಮಿಡಿನ್ ಕೈನೇಸ್ ಕಿಣ್ವ ಅದಕ್ಕೆ ಫಾಸ್ಫೇಟ್ ಸೇರಿಸಿ ಕೂಡಿಹಾಕುತ್ತದೆ. ಮನುಷ್ಯರ ಕೋಶರಸದಲ್ಲಿರುವ ಅದೇ ಬಗೆಯ ಕಿಣ್ವ ಅದನ್ನು ಅಷ್ಟಾಗಿ ಗುರುತಿಸುವುದಿಲ್ಲ. ಟ್ರೇಸರ್ ಪ್ರಮಾಣ ಔಷಧದ ಪ್ರಮಾಣದ ಅತಿ ಸಣ್ಣ ಪಾಲು. ಸೂಕ್ಷ್ಮಡೋಸು ಎನಿಸಿಕೊಳ್ಳಲು 100 ಮೈಕ್ರೊಗ್ರಾಂ ಮೀರಬಾರದೆಂಬ ನಿಯಮ ಇಂಥ ಮೊದಲ ಮಾನವ ಪರೀಕ್ಷೆಗಳಿಗೆ ದಾರಿ ಮಾಡಿಕೊಟ್ಟಿದೆ. 2005ರಲ್ಲಿ ಇಲಿಗಳಲ್ಲಿ, 2007ರಲ್ಲಿ ಮೂಳೆ-ಸ್ನಾಯು ಸೋಂಕಿನ ಎಂಟು ರೋಗಿಗಳಲ್ಲಿ ಅಯೊಡಿನ್ ಜೋಡಿಸಿದ ಎಫ್‌ಐಎಯು ಭರವಸೆ ಕೊಟ್ಟಿತು. ಕೃತಕ ಕೀಲಿನ ಸೋಂಕಿನ ಶಂಕೆಯಿದ್ದ 22 ರೋಗಿಗಳ ಅಧ್ಯಯನ 2016ರಲ್ಲಿ ಬಂದಾಗ ಚಿತ್ರ ಮಸುಕು, ನಿರ್ದಿಷ್ಟತೆ ಕಡಿಮೆ. ಲೋಹದಿಂದ ಬರುವ ಅಡಚಣೆ ಒಂದು ಕಾರಣ. ಮನುಷ್ಯರ ಸ್ನಾಯುವಿನ ಮೈಟೊಕಾಂಡ್ರಿಯಾಗಳೂ ಟ್ರೇಸರನ್ನು ಹಿಡಿದಿಟ್ಟುಕೊಂಡದ್ದು ಇನ್ನೊಂದು. 1993ರಲ್ಲಿ ಜೀವ ತೆಗೆದ ಅದೇ ದಾರಿ ಇಲ್ಲಿ ಹಿನ್ನೆಲೆಯ ಮಬ್ಬಾಗಿ ಮರಳಿ ಬಂದಿತು. ಆ ದುರಂತದಿಂದ ವಿಷವಿಜ್ಞಾನ ಕಲಿತ ಪಾಠವನ್ನು ಚಿತ್ರಣ ವಿಜ್ಞಾನವೂ ಮೊದಲೇ ಓದಿಕೊಳ್ಳಬೇಕಿತ್ತು ಎಂದು ನನಗೆ ಅನಿಸುತ್ತದೆ. ಹೊಸ ಟ್ರೇಸರಿಗೆ ಆರೋಗ್ಯವಂತ ಮಾನವ ಕೋಶಗಳು, ಅದರಲ್ಲೂ ಮೈಟೊಕಾಂಡ್ರಿಯಾ ತುಂಬಿದ ಸ್ನಾಯು ಕೋಶಗಳು, ಮೊದಲ ನಿಯಂತ್ರಣವಾಗಬೇಕು, ಇಲಿ ಆಮೇಲೆ.

7. ಶೇಕಡಾವಾರು ಓದುವ ಬಗೆ

ರೋಗಿಗಳ ಅಧ್ಯಯನದಲ್ಲಿ ನಿಯಂತ್ರಣ ಬೇರೆ ರೂಪದಲ್ಲಿ ಬರುತ್ತದೆ: ಯಾರನ್ನು ಸೇರಿಸಿಕೊಂಡಿದ್ದಾರೆ ಎಂಬುದರಲ್ಲಿ. ಸೂಕ್ಷ್ಮತೆ ಶೇ. 85, ನಿರ್ದಿಷ್ಟತೆ ಶೇ. 82 ಇರುವ ಸ್ಕ್ಯಾನನ್ನು ಎರಡು ಸಂದರ್ಭಗಳಲ್ಲಿ ನೋಡೋಣ. ದೊಡ್ಡ ಕೇಂದ್ರಕ್ಕೆ ಬರುವ 100 ಮಂದಿಯಲ್ಲಿ 70 ಮಂದಿಗೆ ನಿಜವಾಗಿ ಸೋಂಕಿದ್ದರೆ, ಬೆಳಗಿದ ಸ್ಕ್ಯಾನುಗಳಲ್ಲಿ ಶೇ. 92ರಷ್ಟು ನಿಜ. ನೋವಿರುವ ಕೃತಕ ಕೀಲಿನ 100 ಮಂದಿಯನ್ನು ಆರಿಸದೆ ತೆಗೆದುಕೊಂಡು ಅವರಲ್ಲಿ 20 ಮಂದಿಗೆ ಮಾತ್ರ ಸೋಂಕಿದ್ದರೆ, 17 ಮಂದಿಯಲ್ಲಿ ಸ್ಕ್ಯಾನು ಸರಿಯಾಗಿ ಬೆಳಗುತ್ತದೆ, 14 ಮಂದಿಯಲ್ಲಿ ಸುಮ್ಮನೆ ಬೆಳಗುತ್ತದೆ. ಬೆಳಗಿದ್ದರಲ್ಲಿ ನಿಜ ಬರೀ ಶೇ. 54. ಸ್ಕ್ಯಾನು ಅದೇ, ಶೇಕಡಾವಾರು ಅದೇ. ಬದಲಾದದ್ದು ರೋಗಿಗಳ ಸಾಲು. ಆ 14 ಮಂದಿ ಬೇಡದ ಶಸ್ತ್ರಚಿಕಿತ್ಸೆಗೂ ಬೇಡದ ಆ್ಯಂಟಿಬಯಾಟಿಕ್‌ಗೂ ಒಳಗಾಗಬೇಕಾಗುತ್ತದೆ. ಪತ್ರಿಕೆಯಲ್ಲಿ ಅವರು ಒಂದು ಅಂಕಿ. ಮನೆಗಳಲ್ಲಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದವರು.

ಇದಕ್ಕೆ ಇನ್ನೆರಡು ಎಚ್ಚರಿಕೆ ಸೇರಿಸಬೇಕು. ಸ್ಕ್ಯಾನು ಬೆಳಗಿದವರಿಂದ ಮಾತ್ರ ಅಂಗಾಂಶ ತೆಗೆದು ಕಲ್ಚರ್ ಮಾಡಿದರೆ, ಬೆಳಗದವರಲ್ಲಿ ತಪ್ಪಿಹೋದ ಸೋಂಕು ಲೆಕ್ಕಕ್ಕೇ ಬರುವುದಿಲ್ಲ. ಸೂಕ್ಷ್ಮತೆ ಸುಳ್ಳಾಗಿ ಏರುತ್ತದೆ. ಸ್ಕ್ಯಾನ್ ಓದುವವರಿಗೆ ರೋಗಿಯ ಜ್ವರ, ರಕ್ತಪರೀಕ್ಷೆ ಮೊದಲೇ ತಿಳಿದಿದ್ದರೆ ಅವರು ಓದುವುದು ಸ್ಕ್ಯಾನಿಗಿಂತ ಹೆಚ್ಚಾಗಿ ಆ ಮಾಹಿತಿಯನ್ನು.

8. ದೂರ, ಅರ್ಧಾಯು, ಕ್ಷಯ

ಟ್ರೇಸರ್ ಒಳ್ಳೆಯದೆಂದು ಸಾಬೀತಾದ ಮೇಲೂ ಅದು ರೋಗಿಯ ಊರಿಗೆ ತಲುಪಬೇಕು. ಕಾರ್ಬನ್-11ರ ಅರ್ಧಾಯು 20 ನಿಮಿಷ, ಫ್ಲೋರಿನ್-18ರದ್ದು 110 ನಿಮಿಷ. ಬೆಂಗಳೂರಿನ ಸೈಕ್ಲೋಟ್ರಾನಿನಲ್ಲಿ ತಯಾರಾದದ್ದು ಮೈಸೂರು ಸೇರಲು ಮೂರು ಗಂಟೆ ಹಿಡಿದರೆ ಫ್ಲೋರಿನ್-18 ಸುಮಾರು ಮೂರನೇ ಒಂದು ಭಾಗ ಉಳಿದಿರುತ್ತದೆ. ಕಾರ್ಬನ್-11 ಐನೂರಕ್ಕೆ ಒಂದು ಪಾಲು. ಕಾರ್ಬನ್-11 ಜೋಡಿಸಿದ ಡಿ-ಮೆಥಿಯೊನಿನ್, ಪ್ಯಾರಾ ಅಮೈನೋ ಬೆಂಜೋಯಿಕ್ ಆಮ್ಲದಂಥ ಟ್ರೇಸರ್‌ಗಳು ವಿಜ್ಞಾನವಾಗಿ ಅಮೂಲ್ಯ, ಆದರೆ ಸೈಕ್ಲೋಟ್ರಾನ್ ಇರುವ ಕಟ್ಟಡ ಬಿಟ್ಟು ಹೊರಡಲಾರವು. ಟೆಕ್ನೀಶಿಯಂ ಮತ್ತು ಗ್ಯಾಲಿಯಂ-68 ಜನರೇಟರಿನಿಂದ ಸಿಗುವಂಥವು. ಜಿಲ್ಲಾ ಕೇಂದ್ರಗಳ ಕೈಗೆಟುಕುವುದು ಅವೇ. ಎಫ್‌ಡಿಜಿಯಿಂದ ತಯಾರಿಸಬಹುದಾದ ಟ್ರೇಸರ್‌ಗಳಿಗೆ ಬೆಲೆ ಬರುವುದೂ ಇದೇ ಕಾರಣಕ್ಕೆ: ದಾರಿ ಆಗಲೇ ಹಾಕಿಯಾಗಿದೆ.

ಈ ದಾರಿಯಲ್ಲಿ ನಮಗೆ ಅತ್ಯಂತ ಹತ್ತಿರದ ಪ್ರಶ್ನೆ ಕ್ಷಯ. ಜಗತ್ತಿನ ಕ್ಷಯ ಪ್ರಕರಣಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಭಾರತದಲ್ಲಿದೆ. ಎಫ್‌ಡಿಜಿ ಪೆಟ್ ಸ್ಕ್ಯಾನಿನಲ್ಲಿ ಕ್ಷಯದ ಗಂಟು ಕ್ಯಾನ್ಸರಿನ ಗಂಟಿನಂತೆಯೇ ಬೆಳಗುತ್ತದೆ. ಯುರೋಪಿನ ರೋಗಿಗಳಲ್ಲಿ ಅಳೆದ ನಿರ್ದಿಷ್ಟತೆ ಇಲ್ಲಿನ ಶ್ವಾಸಕೋಶಗಳಲ್ಲಿ ನಿಲ್ಲುವುದಿಲ್ಲ. 2024ರಲ್ಲಿ ಕ್ಲಿಫ್ಟನ್ ಬ್ಯಾರಿ, ಬೆನ್ ಡೇವಿಸ್ ಮತ್ತು ಸಂಗಡಿಗರು ಎಫ್‌ಡಿಜಿಯನ್ನು ಕಿಣ್ವಗಳ ನೆರವಿನಿಂದ ಎಫ್‌ಡಿಟಿ ಎಂಬ ಟ್ರೆಹಲೋಸ್ ರೂಪಕ್ಕೆ ತಿರುಗಿಸುವ ವಿಧಾನ ಪ್ರಕಟಿಸಿದರು. ಟ್ರೆಹಲೋಸ್ ಸಕ್ಕರೆಯನ್ನು ಕ್ಷಯದ ಬ್ಯಾಕ್ಟೀರಿಯಾ ತನ್ನ ಹೊರಗೋಡೆ ಕಟ್ಟಲು ಬಳಸುತ್ತದೆ. ಮನುಷ್ಯ ಕೋಶಗಳಿಗೆ ಅದರ ಅಗತ್ಯವಿಲ್ಲ. ಪ್ರಾಣಿಗಳಲ್ಲಿ ಫಲಿತಾಂಶ ಚೆನ್ನಾಗಿದೆ. ರೋಗಿಗಳ ಸರದಿ ಬಂದಾಗ ನಿಯಂತ್ರಣವಾಗಿ ಯಾರಿರಬೇಕು ಎಂಬುದನ್ನು ಈಗಲೇ ನಿರ್ಧರಿಸಬೇಕು: ಶ್ವಾಸಕೋಶದ ಕ್ಯಾನ್ಸರ್ ಇರುವವರು, ಸಾರ್ಕಾಯ್ಡೋಸಿಸ್ ಎಂಬ ಸೋಂಕಿಲ್ಲದ ಉರಿಯೂತದ ಗಂಟಿನ ಕಾಯಿಲೆ ಇರುವವರು, ಚಿಕಿತ್ಸೆ ಮುಗಿದು ಗುಣವಾದರೂ ಎದೆಯಲ್ಲಿ ಹಳೆಯ ಕ್ಷಯದ ಕಲೆ ಉಳಿದವರು. ಈ ಮೂರೂ ಗುಂಪಿನವರು ನಮ್ಮ ಆಸ್ಪತ್ರೆಗಳಲ್ಲಿ ಹೇರಳವಾಗಿ ಸಿಗುತ್ತಾರೆ. ಆ ಪರೀಕ್ಷೆ ಇಲ್ಲಿ ನಡೆದಷ್ಟು ಅರ್ಥಪೂರ್ಣವಾಗಿ ಬೇರೆಡೆ ನಡೆಯಲಾರದು.

9. ತೀರ್ಮಾನ

ಹೊಸ ಟ್ರೇಸರಿನ ವರದಿ ಕೈಗೆ ಬಂದಾಗ ಕೇಳಬೇಕಾದ ಪ್ರಶ್ನೆಗಳನ್ನು ಕ್ರಮವಾಗಿ ಹೀಗಿಡಬಹುದು. ಅಂಗಾಂಶದ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತ ಚಿಕ್ಕದಾದ ಗುರಿಗೆ ಸಾಕಾಗುವಷ್ಟು ಟ್ರೇಸರ್ ಕೂಡಿಹಾಕುವ ಯಂತ್ರಾಂಗ ಬ್ಯಾಕ್ಟೀರಿಯಾದಲ್ಲಿದೆಯೇ? ಮಾನವ ಕೋಶಗಳು ಅದನ್ನು ಹಿಡಿಯುವುದಿಲ್ಲ ಎಂದು ತೋರಿಸಿದ್ದಾರೆಯೇ? ಅದೇ ಪ್ರಾಣಿಯಲ್ಲಿ ಕೊಂದ ಬ್ಯಾಕ್ಟೀರಿಯಾದಿಂದಾದ ಉರಿಯೂತ ಪಕ್ಕದಲ್ಲಿತ್ತೇ? ಹೊತ್ತು ಕಳೆದಂತೆ ಸೋಂಕಿನ ಜಾಗ ಟ್ರೇಸರನ್ನು ಉಳಿಸಿಕೊಂಡಿತೇ, ತೊಳೆದುಹೋಯಿತೇ? ರೋಗಿಗಳಲ್ಲಿ ಸೋಂಕಿಲ್ಲದೆ ನೋವು, ಊತ ಇರುವವರು ಸಾಕಷ್ಟು ಇದ್ದರೇ, ಅವರ ಅಂಗಾಂಶವನ್ನೂ ಪರೀಕ್ಷಿಸಿದರೇ? ಯಾವ ಬ್ಯಾಕ್ಟೀರಿಯಾಗಳನ್ನು ಹಿಡಿಯುವುದಿಲ್ಲ ಎಂಬ ಪಟ್ಟಿ ಇದೆಯೇ?

ಇನ್ಫೆಕ್ಟಾನ್ ಕುರಿತ ಕೆಲಸ ವ್ಯರ್ಥವಾಯಿತೆಂದು ಯಾರೂ ಭಾವಿಸಬಾರದು. ಬ್ಯಾಕ್ಟೀರಿಯಾವನ್ನೇ ನೇರವಾಗಿ ನೋಡಬಹುದೆಂಬ ಪ್ರಶ್ನೆಯನ್ನು ಅದು ಗಟ್ಟಿಯಾಗಿ ಕೇಳಿತು. ಅದನ್ನು ಸುಳ್ಳೆಂದು ತೋರಿಸಿದ ಮೊಲದ ಪ್ರಯೋಗ, ವಿಯೆನ್ನಾದ ಅಳತೆ ಎರಡೂ ಮುಂದಿನವರಿಗೆ ವಿನ್ಯಾಸ ಕಲಿಸಿದವು. ಆದ್ದರಿಂದ ಇಂಥ ಸೋಲಿನ ವರದಿಗಳಿಗೆ ಗೆಲುವಿನ ವರದಿಗಳಷ್ಟೇ ಜಾಗ ಸಿಗಬೇಕು. ಸಂಪಾದಕರು ಮತ್ತು ಅನುದಾನ ಕೊಡುವವರು ಸೋಂಕಿಲ್ಲದ ಉರಿಯೂತದ ನಿಯಂತ್ರಣವಿಲ್ಲದ ಅಧ್ಯಯನವನ್ನು ಪೂರ್ಣವೆಂದು ಒಪ್ಪಬಾರದು. ಪ್ರಯೋಗಾಲಯಕ್ಕೆ ಇದರಿಂದ ಆಗುವ ಹೆಚ್ಚುವರಿ ಕೆಲಸ ಇಲಿಯ ಇನ್ನೊಂದು ತೊಡೆಗೆ ಇನ್ನೊಂದು ಸೂಜಿಯಷ್ಟು. ಆ ಕೆಲಸ ಬಿಟ್ಟುಹೋದರೆ ಅದರ ಬೆಲೆಯನ್ನು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ರೋಗಿ ತೆರುತ್ತಾರೆ.